ಯಾರ ಬಾಯಿದು

ಹಲ್ಲಿನ ಕೆಲಸ ಎಂದರೆ ಜನಕ್ಕೆ ಡಾಕ್ಟರು ನೆನಪಾಗುತ್ತಾರೆ. ಡಾಕ್ಟರು ಬಾಯೊಳಗೆ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುತ್ತಾರಲ್ಲ, ಆ ಡಬ್ಬಿ ಬಂದು ಬೀಳುವ ಜಾಗವೊಂದಿದೆ, ಅದು ಯಾರಿಗೂ ನೆನಪಾಗುವುದಿಲ್ಲ. ಅಲ್ಲಿ ಯಾರೋ ಇಬ್ಬರು ಬೆನ್ನು ಬಗ್ಗಿಸಿ ಕೂತು ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾರೆ. ನಿಮ್ಮ ಅಜ್ಜಿ ನಕ್ಕಾಗ ಕಾಣುವ ಆ ಸಾಲು ಅವರ ಕೈಕೆಲಸ. ಅವರು ಎದುರಿಗೆ ಬಂದರೂ ಅಜ್ಜಿಗೆ ಗುರುತು ಹತ್ತುವುದಿಲ್ಲ; ಅವರಿಗೆ ಮಾತ್ರ ಅಜ್ಜಿಯ ದವಡೆ ಎಲ್ಲಿ ಸವೆದಿದೆ ಎನ್ನುವುದು ಕಣ್ಣು ಮುಚ್ಚಿದರೂ ಗೊತ್ತು.

ಅಂಥ ಒಂದು ಕೋಣೆಯಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ತಂಗಿ ಎಂದ ತಕ್ಷಣ ಎರಡು ಜಡೆಯ ಹುಡುಗಿಯನ್ನು ಕಲ್ಪಿಸಿಕೊಳ್ಳಬೇಡಿ. ಅವಳಿಗೆ ನಲವತ್ತಮೂರು, ಕನ್ನಡಕ ಬಂದು ಐದು ವರ್ಷ. ಅಣ್ಣನಿಗೆ ಐವತ್ತೊಂದು. ಕೆಳಗೆ ಕೆಲಸದ ಕೋಣೆ, ಅದರ ಹಿಂದೆ ಅಣ್ಣ ಅತ್ತಿಗೆಯ ಮನೆ, ಮೇಲೆ ಒಂದೇ ಕೋಣೆಯಲ್ಲಿ ತಂಗಿ. ಕೆಲಸದಲ್ಲಿ ಅಣ್ಣನನ್ನು ಮೀರಿಸುವವರಿರಲಿಲ್ಲ. ಡಾಕ್ಟರುಗಳು ಅವನನ್ನು 'ಮೇಷ್ಟ್ರು' ಎನ್ನುತ್ತಿದ್ದರು. ಆದರೆ ಮೇಷ್ಟ್ರು ಜೀವಮಾನದಲ್ಲಿ ಒಂದು ಪಾಠ ಮಾಡಿದವನಲ್ಲ, ಯಾಕೆಂದರೆ ಅವನಿಗೆ ಮಾತು ತೊದಲುತ್ತಿತ್ತು.

ಎಲ್ಲ ಅಕ್ಷರವೂ ಅಲ್ಲ. ಕ ಮತ್ತು ಪ, ಅವೆರಡೇ ಅವನ ಶತ್ರುಗಳು. ಅವು ಬರುವ ಪದಗಳನ್ನು ಅವನು ದೂರದಿಂದಲೇ ಕಂಡು, ಸಾಲ ಕೊಟ್ಟವನನ್ನು ಕಂಡವನಂತೆ ಪಕ್ಕದ ಗಲ್ಲಿಗೆ ತಿರುಗಿಬಿಡುತ್ತಿದ್ದ. ಕಾಫಿ ಬೇಕಾದರೆ "ಬಿಸಿದು ತಾ". ಕಿಟಕಿ ತೆಗೆಯಬೇಕಾದರೆ "ಗಾಳಿ ಬರ್ಲಿ". ಪ್ಲಾಸ್ಟರಿಗೆ 'ಹಿಟ್ಟು'. ಅಚ್ಚು ಹೊಯ್ಯುವ ಪ್ಲಾಸ್ಟರಿಗೆ ಹಿಟ್ಟು ಎನ್ನುವ ಕಸುಬುದಾರರು ಲೋಕದಲ್ಲಿ ಬೇರೆಲ್ಲೂ ಇಲ್ಲ. ಆದರೆ ಅಲ್ಲಿ ಕೆಲಸ ಕಲಿತು ಹೋದವರೆಲ್ಲ ಅದೇ ಕಸುಬಿನ ಮಾತೆಂದು ತಿಳಿದು, ಬೇರೆ ಕಡೆಯೂ ಹಿಟ್ಟು ಹಿಟ್ಟು ಎಂದು ಕೇಳಿ ನಗೆಪಾಟಲಾಗಿದ್ದರು. ತಂಗಿಯನ್ನು ಮನೆಯವರೆಲ್ಲ ಪುಟ್ಟಿ ಎಂದರೆ ಅಣ್ಣ ಒಬ್ಬ 'ಮರಿ' ಎನ್ನುತ್ತಿದ್ದ. ಅದು ಬರೀ ಮುದ್ದಿಗಲ್ಲ.

ತಂಗಿಯ ನಾಲಿಗೆಯೋ, ಅಣ್ಣನಿಗೆ ಬರಬೇಕಾದ ಪಾಲನ್ನೂ ಸೇರಿಸಿಕೊಂಡು ಹುಟ್ಟಿದ್ದು. ಅಣ್ಣ "ಕ" ಅಂದರೆ ಸಾಕು, ಕಾಫಿಯಾ, ಕತ್ತರಿಯಾ, ಕರೆಂಟು ಹೋಯ್ತಾ ಎಂದು ಮೂರು ಪದ ಅವನ ಮುಂದೆ ಹರಡುವಳು. ಅವನು ಯಾವುದೋ ಒಂದಕ್ಕೆ ತಲೆಯಾಡಿಸುವನು. ಅವನಿಗೆ ಬೇಕಿದ್ದದ್ದು ಅದೇನೋ, ಅಥವಾ ಸಾಕಪ್ಪಾ ಎಂದು ತಲೆಯಾಡಿಸಿದನೋ, ಅವಳು ಎಂದೂ ಕೇಳಲಿಲ್ಲ. ಅಣ್ಣನ ಮಾತು ಮುಗಿಸಿಕೊಡುವುದು ತಾನು ಅವನಿಗೆ ಮಾಡುವ ದೊಡ್ಡ ಉಪಕಾರವೆಂದೇ ಅವಳು ನಂಬಿದ್ದಳು.

ಆ ಕೋಣೆಯಲ್ಲಿ ಒಂದು ಕಟ್ಟಳೆಯಿತ್ತು, ಅಣ್ಣನೇ ಮಾಡಿದ್ದು. ಡಬ್ಬಿಯಿಂದ ಅಚ್ಚು ತೆಗೆದ ಕೂಡಲೇ, ಕೈ ಒರೆಸಿಕೊಳ್ಳುವ ಮೊದಲು, ಅದರ ತಳದಲ್ಲಿ ಪೆನ್ಸಿಲಿನಿಂದ ಬರೆಯಬೇಕು: ಯಾರದ್ದು, ಮೇಲಿನ ದವಡೆಯೋ ಕೆಳಗಿನದೋ, ಏನು ದೋಷ, ಎಷ್ಟು ಹಲ್ಲು. "ಯಾರ ಬಾಯಿದು ಅಂತ ಬರೀದೆ ಏನನ್ನೂ ಕೆಳಗಿಡಬೇಡ ಮರಿ," ಎನ್ನುತ್ತಿದ್ದ. ಆ ವಾಕ್ಯದಲ್ಲಿ ಅವನಿಗೆ ಒಂದೇ ಒಂದು ಕಡೆ ತಡೆಯುತ್ತಿತ್ತು, ಅಲ್ಲಿ ಕೆಮ್ಮಿ ದಾಟಿಸುತ್ತಿದ್ದ. ಇಪ್ಪತ್ತು ವರ್ಷ ಬರೆದೂ ಬರೆದೂ ತಂಗಿಗೆ ಅದು ಉಸಿರಾಟದಂತೆ ಆಗಿಬಿಟ್ಟಿತ್ತು. ಕೊನೆಗೆ ಅವಳನ್ನು ಹಿಡಿದುಕೊಟ್ಟದ್ದು ಇದೇ ಅಭ್ಯಾಸ. ಅದಕ್ಕೆ ಆಮೇಲೆ ಬರೋಣ.

ಈಗ ಕಂಪ್ಯೂಟರು. ಹಲ್ಲನ್ನು ಪರದೆಯ ಮೇಲೆಯೇ ಬಿಡಿಸಿ ಕಳಿಸುವ ಕಾಲ ಬಂತು, ನೀವೂ ಒಂದು ತಗೊಳ್ಳಿ ಎಂದು ಡಾಕ್ಟರುಗಳು ಹುರಿದುಂಬಿಸಿದ್ದರಿಂದ ಅಣ್ಣ ಒಂದು ಲ್ಯಾಪ್‌ಟಾಪು ತಂದ. ತಂದಮೇಲೆ ಆ ಕೆಲಸವನ್ನು ಡಾಕ್ಟರುಗಳು ಇನ್ನೆಲ್ಲಿಗೋ ಕಳಿಸಿದರು. ಲ್ಯಾಪ್‌ಟಾಪು ಧೂಳು ತಿನ್ನುತ್ತಾ ಬಿದ್ದಿತ್ತು. ತಂಗಿ ಅದನ್ನು ಮೇಲಕ್ಕೆ ಒಯ್ದಳು. ಒಂದು ಭಾನುವಾರ ಏನೋ ಹುಡುಕುತ್ತಾ ಏನೋ ಸಿಕ್ಕಿತು: ಕಂಪ್ಯೂಟರಿನೊಳಗೇ ಕೂತಿರುವ ಒಂದು ಸಿಂಥ್, ಬಗೆಬಗೆಯ ಸದ್ದು ಹುಟ್ಟಿಸುವ ವಾದ್ಯ. ಕೀಲಿಮಣೆಯಿಲ್ಲ, ತಂತಿಯಿಲ್ಲ. ಪರದೆಯ ಮೇಲೆ ಒಂದಷ್ಟು ತಿರುಗುಬಟನ್ನು. ಒಂದನ್ನು ತಿರುಗಿಸಿದರೆ ಸದ್ದು ಮಬ್ಬಾಗುತ್ತದೆ, ಇನ್ನೊಂದನ್ನು ತಿರುಗಿಸಿದರೆ ಗರಗಸದಂತೆ ಕೊಯ್ಯುತ್ತದೆ. ಪಕ್ಕದಲ್ಲಿ ಡ್ರಮ್ಮಿಗೆ ಹದಿನಾರು ಮನೆಗಳ ಒಂದು ಪಟ್ಟಿ. ಯಾವ ಮನೆ ಒತ್ತಿದರೆ ಅಲ್ಲಿ ಏಟು ಬೀಳುತ್ತದೆ. ಅವಳು ಒತ್ತಿದಳು. ಧಬ್ ಅಂದಿತು. ಇನ್ನೊಂದು ಒತ್ತಿದಳು. ಊಟ ಮರೆತಳು.

ಎಳೆಯದರಲ್ಲಿ ಹಾಡು ಕಲಿಯಲಿಲ್ಲ, ತಾಳ ಗೊತ್ತಿಲ್ಲ, ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಅವಳಿಗೇ ಅನ್ನಿಸದೆ ಇರಲಿಲ್ಲ. ಆದರೂ ಮಧ್ಯಾಹ್ನದ ಬಿಡುವು, ಶನಿವಾರದ ಅರ್ಧ ದಿನ, ಭಾನುವಾರ ಇಡೀ ದಿನ ಅದಕ್ಕೇ ಹೋಯಿತು. ಅತ್ತಿಗೆ ಬಟ್ಟೆ ಒಣಹಾಕಲು ಮೇಲೆ ಬಂದವಳು ಬಾಗಿಲಲ್ಲಿ ನಿಂತು ಕೇಳಿದಳು:

"ಏನೇ ಅದು, ಮಿಕ್ಸಿ ಕೆಟ್ಟಿದ್ಯಾ?"

"ಸಂಗೀತ ಅತ್ತಿಗೆ."

"ಓ. ಮತ್ತೆ ಹಾಡೋರು ಯಾವಾಗ ಬರ್ತಾರೆ?"

"ಇದ್ರಲ್ಲಿ ಹಾಡೋರು ಇರಲ್ಲ. ಬರೀ ವಾದ್ಯ."

"ಹಾಗಾದ್ರೆ ವಾದ್ಯ ಯಾವಾಗ ಬರತ್ತೆ?" ಎಂದು ಅತ್ತಿಗೆ ಬಕೆಟ್ಟು ಎತ್ತಿಕೊಂಡು ನಡೆದಳು.

ಇಂಥದ್ದನ್ನೇ ಮಾಡುವವರದ್ದೊಂದು ಗುಂಪು ಇಂಟರ್‌ನೆಟ್ಟಿನಲ್ಲಿತ್ತು. ತಂಗಿ ತನ್ನ ತುಣುಕುಗಳನ್ನು ಅಲ್ಲಿ ಹಾಕುತ್ತಿದ್ದಳು. ಅವರೆಲ್ಲ ಮರ್ಯಾದಸ್ಥರು, ಬಯ್ಯಲಿಲ್ಲ. 'ಚೊಕ್ಕವಾಗಿದೆ, ಆದರೆ ಸತ್ತಿದೆ' ಎಂದು ಒಬ್ಬರು ಬರೆದರು. ಕಂಪ್ಯೂಟರಿನ ಡ್ರಮ್ಮು ಲೆಕ್ಕಕ್ಕೆ ಸರಿಯಾಗಿ ಬೀಳುತ್ತದೆ, ಅದಕ್ಕೇ ಸತ್ತಂತಿರುತ್ತದೆ. ಸುತ್ತಲಿನ ಸದ್ದು ಹಿಡಿದು ಹಾಕಿ ಎಂದು ಇನ್ನೊಬ್ಬರ ಉಪದೇಶ. ತಂಗಿ ಫೋನು ಹಿಡಿದು ಕೆಳಗಿಳಿದಳು. ಹಲ್ಲು ಉಜ್ಜುವ ಮೋಟಾರಿನ ಕೀರಲು, ಗುಳ್ಳೆ ಬಿಡಿಸಲು ಅಚ್ಚನ್ನು ಇಡುವ ನಡುಗುಮೇಜಿನ ಗುರ್ ಗುರ್, ಮೇಣದ ಚಾಕು ತಟ್ಟೆಗೆ ತಾಗುವ ಟಣ್, ಎಲ್ಲ ಹಿಡಿದು ತಂದಳು. ಸ್ವಲ್ಪ ಜೀವ ಬಂತು. ಆದರೆ ಮೇಲೆ ಚಿಟಿಚಿಟಿ ಎನ್ನುತ್ತಿರಬೇಕಾದ ಸಣ್ಣ ತಾಳದ ಸದ್ದು ಮಾತ್ರ ಸಿಗಲಿಲ್ಲ.

ಅದು ಸಿಕ್ಕಿದ್ದು ಒಂದು ಸೋಮವಾರ ಮಧ್ಯಾಹ್ನ, ಅಣ್ಣನ ಬಾಯಿಂದ.

ಅಣ್ಣನಿಗೆ ಈಚೆಗೆ ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸುವ ಅಭ್ಯಾಸವಾಗಿತ್ತು. ಎದುರಿಗಿದ್ದರೆ ಎಲ್ಲರೂ ಮಧ್ಯೆ ಬಾಯಿ ಹಾಕುತ್ತಾರೆ, ಫೋನು ಹಾಕುವುದಿಲ್ಲ. ಕೆಳಗಿನ ಕೋಣೆಯಿಂದ ಮೇಲಿನ ಕೋಣೆಗೇ ಕಳಿಸುವನು. ತಂಗಿಗೆ ಅಷ್ಟು ತಾಳ್ಮೆಯೆಲ್ಲಿ? ಮೊದಲೆರಡು ಕ್ಷಣ ಕೇಳಿ, ನಿಲ್ಲಿಸಿ, ದಡದಡ ಇಳಿದು ಬಂದು "ಏನಣ್ಣ?" ಎನ್ನುವಳು. ಆ ಮಧ್ಯಾಹ್ನ ಬಂದ ಸಂದೇಶ ಮುಕ್ಕಾಲು ನಿಮಿಷದ್ದು. "ಮರಿ, ಕ, ಕ, ಕ, ಕ" ಎಂದು ಶುರುವಾಯಿತು. ಇಂದೇಕೋ ಕ ಬಹಳ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ತಂಗಿ ನಿಲ್ಲಿಸಿದಳು. ಕೆಳಗೆ ಹೋಗಿ ಅತ್ತಿಗೆಯ ಅಡುಗೆಮನೆಯಲ್ಲಿ ಕಾಫಿ ಮಾಡಿ, ಅಣ್ಣನ ಮೇಜಿನ ಮೇಲಿಟ್ಟು, "ಕಾಫಿ ತಾನೆ? ಬಿಸಿದು ಅನ್ನೋದು ಬಿಟ್ಟು ಇವತ್ತೇನು ಧೈರ್ಯ?" ಎಂದು ನಕ್ಕಳು. ಅಣ್ಣ ಲೋಟವನ್ನು ನೋಡಿದ. ಅವಳನ್ನು ನೋಡಿದ. ತಲೆಯಾಡಿಸಿ ಕುಡಿದ.

ಮೇಲೆ ಬಂದವಳ ಕಿವಿಯಲ್ಲಿ ಆ ಕ ಕ ಕ ಇನ್ನೂ ಇತ್ತು. ಅದು ಸಣ್ಣದು, ಒಣಗಿದ್ದು, ಚೂಪಾದದ್ದು. ಅಯ್ಯೋ, ತಾನು ತಿಂಗಳಿಂದ ಹುಡುಕುತ್ತಿರುವುದು ಇದೇ ಅಲ್ಲವೇ. ಸಂದೇಶವನ್ನು ಲ್ಯಾಪ್‌ಟಾಪಿಗೆ ಎಳೆದಳು. ಪರದೆಯ ಮೇಲೆ ಸದ್ದಿನ ಗೆರೆ ಬಂತು: ಸಾಲಾಗಿ ಹನ್ನೊಂದು ಮೊನೆಗಳು, ಆಮೇಲೆ ಮಾತಿನ ಉದ್ದನೆಯ ಉಬ್ಬು. ಮೊನೆಗಳನ್ನು ಉಳಿಸಿಕೊಂಡು ಉಬ್ಬನ್ನು ಕತ್ತರಿಸಿ ಬಿಸಾಡಿದಳು. ಅಚ್ಚಿನ ಅಂಚಿನಲ್ಲಿ ಹೆಚ್ಚಾದ ಪ್ಲಾಸ್ಟರನ್ನು ಉಜ್ಜಿ ತೆಗೆಯುತ್ತಾರಲ್ಲ, ಅಷ್ಟೇ ನಿಶ್ಚಿಂತೆಯಿಂದ. ಅದರಲ್ಲೇನಿದೆ ಎಂದು ಕೇಳಲೂ ಇಲ್ಲ. ಉಳಿದದ್ದರ ದಪ್ಪ ಸೋಸಿ, ಸ್ಥಾಯಿ ಏರಿಸಿ, ಧಬ್ ಧಬ್ ಎನ್ನುವ ಏಟಿನ ಮೇಲೆ ಕೂರಿಸಿದಳು. ಅಣ್ಣನ ಹನ್ನೊಂದು ಕ ಒಂದರ ಹಿಂದೊಂದು ಸಮವಾಗಿರಲಿಲ್ಲ; ನಾಲ್ಕನೆಯದು ತಡ, ಏಳು ಎಂಟು ಒಂದರ ಮೇಲೊಂದು ಬಿದ್ದಂತೆ, ಕೊನೆಯದರ ಮುಂದೆ ಒಂದು ಉಸಿರು. ಅದನ್ನು ತಿದ್ದಲಿಲ್ಲ. ಹಾಡಿಗೆ ಜೀವ ಬಂದದ್ದೇ ಅಲ್ಲಿ. ಯಾರು ಕೇಳಿದರೂ ಅದು ಮನುಷ್ಯನ ಗಂಟಲೆಂದು ಹೇಳುವಂತಿರಲಿಲ್ಲ.

ಗುಂಪಿನವರು ಕುಣಿದಾಡಿದರು. 'ಆ ಚಿಟಿಚಿಟಿ ಎಲ್ಲಿಂದ ತಂದಿರಿ' ಎಂದು ಕೇಳದವರಿಲ್ಲ. ತಂಗಿ ಬರೆದಳು: 'ನಮ್ಮ ಮನೆಯಲ್ಲಿ ಪುಕ್ಕಟೆ ಸಿಗುತ್ತದೆ.' ಕೊನೆಗೆ ಒಂದು ನಗುವ ಮುಖ ಅಂಟಿಸಿದಳು. ಆ ದಿನ ಅವಳಿಗೆ ನಾಚಿಕೆಯಾಗಲಿಲ್ಲ. ಆಮೇಲೆ ಯೋಚಿಸಿದಾಗೆಲ್ಲ ಅವಳನ್ನು ತಿಂದದ್ದು ಅದೇ, ಆ ದಿನ ನಾಚಿಕೆಯಾಗಲಿಲ್ಲವಲ್ಲ ಎನ್ನುವುದು.

ನಾಚಿಕೆ ಬಂದದ್ದು ವಾರ ಕಳೆದಮೇಲೆ. ಕೆಲಸ ಮಾಡುತ್ತಾ ಫೋನಿನಲ್ಲಿ ಏನೇನೋ ಕೇಳುತ್ತಿದ್ದಳು, ಒಂದು ಮುಗಿದು ಅವಳ ಈ ಹಾಡೇ ಶುರುವಾಯಿತು. ನಿಲ್ಲಿಸೋಣವೆಂದರೆ ಎರಡು ಕೈಯೂ ಮೇಣ. ಅಣ್ಣ ತಲೆಯೆತ್ತಿದ. ಮೇಣದ ಚಾಕುವಿನಿಂದ ಮೇಜಿಗೆ ತಟ್ಟತೊಡಗಿದ. ಅವನು ಯಾವುದಕ್ಕೂ ತಾಳ ಹಾಕಿದವನಲ್ಲ.

"ಇದು ನಿಂದಾ?"

"ಹೂಂ."

"ಚೆನ್ನಾಗಿದೆ ಮರಿ. ಆ ಚಿಟಿಚಿಟಿ ಯಾವ ವಾದ್ಯ?"

ಅಷ್ಟು ಹೊತ್ತಿಗೆ ಅವಳ ಕಿವಿ ಕಾದು ಹೋಗಿತ್ತು. ಕನ್ನಡಕದ ಮೇಲಿಂದ ಅವನ ಮುಖ ನೋಡಿದಳು, ಅದರಲ್ಲಿ ಬರೀ ಖುಷಿ. "ಕಂಪ್ಯೂಟರ್ದು," ಎಂದಳು.

"ನಂಗೂ ಹಾಕ್ಕೊಡು," ಎಂದ ಅಣ್ಣ. ಹಾಕಿಕೊಡದೆ ಇರುವುದಕ್ಕೆ ಏನು ನೆಪ ಹೇಳುವುದು? ಹಾಕಿಕೊಟ್ಟಳು.

ಮುಂದಿನ ಹದಿನೈದು ದಿನ ಅಣ್ಣನ ಒಂದು ಕಿವಿಯಲ್ಲಿ ಯಾವಾಗಲೂ ಹಾಡು ಕೇಳುವ ಸಣ್ಣ ಬಿಳಿ ಗುಂಡಿ. ಊಟಕ್ಕೆ ಕೂತಾಗಲೂ. ಅತ್ತಿಗೆ "ನಿಮ್ಮಣ್ಣಂಗೆ ಹುಚ್ಚು ಹಿಡಿಸಿದ್ದೀಯ" ಎಂದು ನಗುತ್ತಿದ್ದಳು. ಒಂದು ದಿನ ತಂಗಿ ಡಬ್ಬಿ ತರಲು ಹಿಂದಿನ ಕೋಣೆಗೆ ಹೋದಾಗ ಬಾಗಿಲ ಆಚೆ ಅಣ್ಣ ಯಾರ ಜೊತೆಯೋ ಮಾತಾಡುತ್ತಿದ್ದ. ನಿಧಾನವಾಗಿ, ಒಂದೊಂದು ಪದವನ್ನೂ ಹಲ್ಲಿನಂತೆ ಅದರದರ ಜಾಗದಲ್ಲಿ ಕೂರಿಸುತ್ತಾ. "ಮೊದಲು ಪ್ಲಾಸ್ಟರನ್ನು ಕಲಸಬೇಕು. ಕಲಸುವಾಗ ಗುಳ್ಳೆ ಬರಬಾರದು."

ಪ್ಲಾಸ್ಟರು. ಕಲಸಬೇಕು. ತಂಗಿ ಬಾಗಿಲಿಗೆ ಕಿವಿಯಿಟ್ಟಳು. ಆ ಎರಡು ಪದ ಅವನ ಬಾಯಿಂದ ಇಡಿಯಾಗಿ ಬಂದದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇಣುಕಿದರೆ ಕೋಣೆಯಲ್ಲಿ ಇನ್ನಾರೂ ಇಲ್ಲ. ಅಣ್ಣ ಗೋಡೆಗೆ ಮುಖ ಮಾಡಿ, ಬೆರಳಿನಿಂದ ತೊಡೆಗೆ ತಟ್ಟುತ್ತಾ, ಕಿವಿಯೊಳಗಿನ ಚಿಟಿಚಿಟಿಯ ಮೇಲೆ ಕಾಲಿಟ್ಟು ಕಾಲಿಟ್ಟು ಮಾತು ದಾಟಿಸುತ್ತಿದ್ದ.

ಅವಳನ್ನು ಕಂಡು ಸಂಕೋಚಪಟ್ಟ, ಆಮೇಲೆ ಹೇಳಿದ. ಹಲ್ಲಿನ ಕೆಲಸ ಕಲಿಸುವ ಶಾಲೆಯವರು ಪ್ರತಿ ವರ್ಷ ಅವನನ್ನು ಒಂದು ತರಗತಿಗೆ ಕರೆಯುತ್ತಿದ್ದರು, ಅವನು ಪ್ರತಿ ವರ್ಷ ಜ್ವರ ಎನ್ನುತ್ತಿದ್ದ. ಈ ಸಲ ಒಪ್ಪಿಕೊಂಡಿದ್ದ. ಬರುವ ಗುರುವಾರ, ನಲವತ್ತು ಜನ ಕಲಿಯುವವರ ಮುಂದೆ, ಒಂದು ಗಂಟೆ. "ನಿನ್ನ ಹಾಡು ಇದ್ರೆ ಆಗತ್ತೆ ಮರಿ. ಯಾಕೋ ಗೊತ್ತಿಲ್ಲ. ಆ ಚಿಟಿಚಿಟಿ ಬಂದಾಗ ನಾಲಿಗೆ ಬಿಟ್ಕೊಡತ್ತೆ."

ಆ ಸಂಜೆ ಅತ್ತಿಗೆ ಮೇಲೆ ಬಂದಳು, ಬಟ್ಟೆಗಲ್ಲ. ತಂಗಿಯ ಕೈ ಹಿಡಿದುಕೊಂಡಳು. "ಮೂವತ್ತು ವರ್ಷದಿಂದ ಎಷ್ಟು ಜನ ಏನೇನು ಹೇಳಿದ್ರು, ಯಾವ್ದೂ ಆಗ್ಲಿಲ್ಲ. ನಿನ್ನ ಮಿಕ್ಸಿ ಸದ್ದು ಮಾಡ್ತಲ್ಲೇ," ಎಂದು ಕಣ್ಣೊರೆಸಿಕೊಂಡಳು. ತಂಗಿಗೆ ಆ ಕೈ ಬೆಂಕಿಯಂತೆ ಸುಟ್ಟಿತು. ಅಣ್ಣನ ಕಷ್ಟವನ್ನೇ ಕದ್ದು, ಬಣ್ಣ ಬಳಿದು, ಅವನಿಗೇ ಉಡುಗೊರೆಯೆಂದು ಕೊಟ್ಟು, ಈಗ ಹೊಗಳಿಕೆಯನ್ನೂ ಜೇಬಿಗಿಳಿಸುತ್ತಿದ್ದೇನೆ. ಇಷ್ಟು ಅಗ್ಗದ ಹೆಂಗಸು ಈ ಬೀದಿಯಲ್ಲಿ ಇನ್ನೊಬ್ಬಳಿದ್ದಾಳೆಯೇ? ಆ ಹೊತ್ತಿನಲ್ಲಿ ಹೇಳಿಬಿಡಬಹುದಿತ್ತು. ಬಾಯಿಗೆ ಬಂದದ್ದು ಬರೀ "ಅಯ್ಯೋ ಬಿಡಿ ಅತ್ತಿಗೆ."

ಹೇಳಿದರೆ ಗುರುವಾರದ ತರಗತಿ ಹೋಯಿತು. ಹೇಳದಿದ್ದರೆ ನಲವತ್ತು ಜನರ ಮುಂದೆ ಅಣ್ಣ ತನ್ನ ತೊದಲನ್ನೇ ಕಿವಿಗಿಟ್ಟುಕೊಂಡು ನಿಲ್ಲುತ್ತಾನೆ, ಅದು ಗೊತ್ತಿರುವುದು ತನಗೊಬ್ಬಳಿಗೆ. ಎರಡು ದಿನ ಇದನ್ನೇ ತಿರುವಿಹಾಕಿದಳು. ಕೊನೆಗೆ ಹೇಡಿಗಳು ಹಿಡಿಯುವ ದಾರಿ ಹಿಡಿದಳು. ಅಣ್ಣನ ಹನ್ನೊಂದು ಕ ತೆಗೆದು, ಅವುಗಳ ಜಾಗದಲ್ಲಿ ಕಂಪ್ಯೂಟರಿನದೇ ಚಿಟಿಚಿಟಿ ಹಾಕಿ, ಎಲ್ಲ ಅಳತೆಗೆ ಸರಿಯಾಗಿ ಸಮ ಮಾಡಿ, ಹೊಸ ಹಾಡು ತಯಾರಿಸಿದಳು. ಭಾನುವಾರ ಅಣ್ಣ ಸ್ನಾನಕ್ಕೆ ಹೋದಾಗ ಅವನ ಫೋನಿನಲ್ಲಿ ಹಳೆಯದನ್ನು ಅಳಿಸಿ ಇದನ್ನಿಟ್ಟಳು. ಗುಂಪಿನಲ್ಲಿ ಹಾಕಿದ್ದನ್ನೂ ಕಿತ್ತುಹಾಕಿದಳು. ಇನ್ನು ಕಳ್ಳಮಾಲಿನ ಗುರುತೇ ಇಲ್ಲವೆಂದು ಒಂದು ದೀರ್ಘ ಉಸಿರು ಬಿಟ್ಟಳು.

ಸೋಮವಾರ ಬೆಳಗ್ಗೆ ಹಿಂದಿನ ಕೋಣೆಯಿಂದ "ಮೊದಲು ಪ, ಪ, ಪ" ಎಂದು ಕೇಳಿತು. ನಿಂತಿತು. ಮತ್ತೆ ಶುರುವಾಯಿತು, ಮತ್ತೆ ಅಲ್ಲೇ ನಿಂತಿತು. ಮಂಗಳವಾರವೂ ಅದೇ ಕಥೆ. ಬುಧವಾರ ಹನ್ನೊಂದು ಗಂಟೆಗೆ ಅಣ್ಣ ರಬ್ಬರ್ ಬಟ್ಟಲಲ್ಲಿ ಒಂದು ಅಚ್ಚಿಗಾಗುವಷ್ಟು ಪ್ಲಾಸ್ಟರು ಕಲಸಿದವನು, ಏನೋ ಹೊಳೆದವನಂತೆ ಬಟ್ಟಲನ್ನು ಅಲ್ಲೇ ಇಟ್ಟು ಮೆಟ್ಟಿಲು ಹತ್ತಿ ಬಂದ. ತಂಗಿಯ ಕೋಣೆಗೆ ಅವನು ಬರುವುದು ಅಪರೂಪ.

"ಇದು ಅದಲ್ಲ ಮರಿ," ಎಂದ, ಕಿವಿಯಿಂದ ಗುಂಡಿ ತೆಗೆದು.

"ಅದೇ ಅಣ್ಣ. ಸ್ವಲ್ಪ ಸ್ವಚ್ಛ ಮಾಡಿದೀನಿ ಅಷ್ಟೆ."

"ಅಲ್ಲ. ಇದು ನೆಟ್ಟಗೆ ಹೋಗ್ಬಿಡತ್ತೆ, ನನ್ನ ಬಿಟ್ಟು. ಹಳೇದು ನನ್ನ ಜೊತೆ ತಡವರಿಸ್ತಿತ್ತು." ಅವನು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತ. "ನಾಳೆನೇ ಹೋಗ್ಬೇಕು. ಆ ವಾದ್ಯ ತೋರ್ಸು ನೋಡೋಣ."

ಲ್ಯಾಪ್‌ಟಾಪು ತೆರೆದೇ ಇತ್ತು. ಹಳೆಯ ಹಾಡನ್ನು ಅಲ್ಲಿಂದಲೂ ಅಳಿಸಿಬಿಡಬೇಕೆಂದು ಬೆಳಗ್ಗೆ ತೆಗೆದಿದ್ದಳು, ಮನಸ್ಸು ಬರದೆ ಹಾಗೇ ಬಿಟ್ಟಿದ್ದಳು. ಪರದೆಯ ತುಂಬ ಬಣ್ಣದ ಪಟ್ಟಿಗಳು, ಪ್ರತಿ ಪಟ್ಟಿಯ ಎಡಕ್ಕೆ ಅದರ ಹೆಸರು. ಇಲ್ಲೇ ಬಂತು ನೋಡಿ ಆ ಅಭ್ಯಾಸ. ಇಂಥ ಕೆಲಸ ಮಾಡುವ ಬೇರೆ ಯಾರಾದರೂ ಆಗಿದ್ದರೆ 'ಸದ್ದು ಒಂದು', 'ಸದ್ದು ಎರಡು' ಎಂದು ಬಿಟ್ಟಿರುತ್ತಿದ್ದರು. ಇವಳು ಅಚ್ಚಿನ ತಳದಲ್ಲಿ ಬರೆದಂತೆ ಬರೆದಿದ್ದಳು. ಉಜ್ಜುವ ಮೋಟಾರು, ಕೀರಲು, ಒಂದು. ನಡುಗುಮೇಜು, ಗುರ್, ಎರಡು. ಮೂರನೆಯ ಸಾಲಿನಲ್ಲಿ ಅಣ್ಣನ ಕಣ್ಣು ನಿಂತಿತು. ಅವನು ಮೆಲ್ಲಗೆ, ಎಲ್ಲೂ ತಡೆಯದೆ, ತುಟಿಯಲ್ಲೇ ಓದಿಕೊಂಡ.

'ಅಣ್ಣ, ಕ, ತೊದಲು, ಹನ್ನೊಂದು.'

ಯಾರದ್ದು, ಯಾವುದು, ಏನು ದೋಷ, ಎಷ್ಟು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ತಪ್ಪದ ಕ್ರಮ.

ನೆಲ ಬಾಯಿ ಬಿಟ್ಟು ನುಂಗಬಾರದೇ ಎಂದು ಜನ ಹೇಳುತ್ತಾರಲ್ಲ, ಅದು ಸುಮ್ಮನೆ ಹುಟ್ಟಿದ ಮಾತಲ್ಲ. ತಂಗಿಗೆ ಆ ಕ್ಷಣ ಮೆಟ್ಟಿಲಿಳಿದು, ಬಾಗಿಲು ದಾಟಿ, ಯಾವುದಾದರೂ ಬಸ್ಸು ಹತ್ತಿ ಹೋಗಿಬಿಡಬೇಕೆನ್ನಿಸಿತು.

"ಹಾಕು," ಎಂದ ಅಣ್ಣ.

"ಅಣ್ಣ, ನಾನು..."

"ಬರೀ ಅದೊಂದನ್ನೇ ಹಾಕು."

ಅವಳು ಉಳಿದ ಪಟ್ಟಿಗಳನ್ನೆಲ್ಲ ಮುಚ್ಚಿ, ಸೋಸಿದ್ದು ಏರಿಸಿದ್ದೆಲ್ಲ ತೆಗೆದು, ಹಾಕಿದಳು. ಕೋಣೆಯಲ್ಲಿ ಅಣ್ಣನ ಗಂಟಲು ಕೇಳಿತು. ಕ, ಕ, ಕ. ನಾಲ್ಕನೆಯದು ತಡ. ಏಳು ಎಂಟು ಒಂದರ ಮೇಲೊಂದು. ಒಂದು ಉಸಿರು. ಹನ್ನೊಂದನೆಯದು. ಆಮೇಲೆ ಏನೂ ಇಲ್ಲ.

"ಮುಂದೆ?"

"ಮುಂದೆ ಇಲ್ಲ ಅಣ್ಣ."

"ಮುಂದೆ ಹೇಳಿದ್ದೆ ನಾನು."

"ಕತ್ತರಿಸ್ಬಿಟ್ಟೆ."

"ಅದು ಸರಿ. ಎಸೆಯೋಕೆ ಮುಂಚೆ ಇಡೀದು ಆಲಿಸಿದ್ದೆ ತಾನೆ?"

ಸುಳ್ಳು ಹೇಳಬಹುದಿತ್ತು. ಇಷ್ಟಾದಮೇಲೆ ಇನ್ನೂ ಒಂದಕ್ಕೆ ಅವಳಲ್ಲಿ ಜಾಗವಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದಳು. ಜೀವಮಾನವೆಲ್ಲ ತಲೆಯಾಡಿಸುವುದು ಅಣ್ಣನ ಪಾಲಾಗಿತ್ತು, ಇಂದು ಅವಳದ್ದಾಯಿತು.

ಅಣ್ಣ ತನ್ನ ಫೋನು ತೆಗೆದ. ಹೆಬ್ಬೆರಳಿನಿಂದ ಮೇಲಕ್ಕೆ, ಮೇಲಕ್ಕೆ ಸರಿಸಿ, ಆ ಸೋಮವಾರವನ್ನು ಹುಡುಕಿದ. ಕಳಿಸಿದವನ ಬಳಿ ಅದು ಹಾಗೇ ಉಳಿದಿತ್ತು. ಒತ್ತಿ, ಫೋನನ್ನು ಇಬ್ಬರ ನಡುವೆ ಮೇಜಿನ ಮೇಲಿಟ್ಟ. ಹನ್ನೊಂದು ಕ ಆದಮೇಲೆ ಬಂತು, ಅವಳು ಬಿಸಾಡಿದ ಉಬ್ಬು:

"ಕರ್ಕೊಂಡು ಹೋಗ್ತೀಯಾ ನನ್ನ? ಮಾತಿನ ಡಾಕ್ಟರು ಅಂತ ಒಬ್ರು ಬಂದಿದಾರಂತೆ, ದೊಡ್ಡ ರಸ್ತೇಲಿ, ಔಷಧಿ ಅಂಗಡಿ ಮೇಲೆ. ಬುಧವಾರ ಮಾತ್ರ ಇರ್ತಾರಂತೆ. ಒಬ್ಬನೇ ಹೋಗೋಕೆ ನಾಚಿಕೆ ಆಗತ್ತೆ ಮರಿ. ಅಲ್ಲಿ ಹೆಸರು ಕ, ಕ, ಕೇಳಿದ್ರೂ ಹೇಳೋಕೆ ಬರಲ್ಲ ನಂಗೆ. ನೀನಿದ್ರೆ ನನ್ನ ಮಾತು ಮುಗಿಸಿಕೊಡ್ತೀಯಲ್ಲ. ಅತ್ತಿಗೆಗೆ ಹೇಳ್ಬೇಡ."

ಮುಕ್ಕಾಲು ನಿಮಿಷ. ಅಷ್ಟೇ ಇದ್ದದ್ದು. ಅವಳು ಆ ಹನ್ನೊಂದು ಸದ್ದುಗಳನ್ನು ತಿದ್ದಿ ತೀಡಲು ಮೂರು ದಿನ ಕೂತಿದ್ದಳು.

"ನೀನು ಬಂದು ಕಾಫಿ ಇಟ್ಟೆ," ಎಂದ ಅಣ್ಣ. ಕಾಫಿ ಎನ್ನುವಾಗಲೂ ಆಮೇಲೂ ಅವನು ತಡವರಿಸಿದನೋ ಇಲ್ಲವೋ ಅವಳಿಗೆ ಕೇಳಲಿಲ್ಲ. "ನಕ್ಕೆ ಬೇರೆ. ಕೇಳಿಸ್ಕೊಂಡಿದೀಯ, ಇಷ್ಟ ಇಲ್ಲ, ಅದಕ್ಕೇ ಹಾಗೆ ಮಾತು ಮರೆಸಿದೆ ಅಂದ್ಕೊಂಡೆ. ನನ್ನ ಜೊತೆ ಅಲ್ಲಿ ಕೂತ್ಕೊಳ್ಳೋಕೆ ನಿಂಗೂ ನಾಚಿಕೆ ಇರ್ಬಹುದು ಅಂತ. ಮತ್ತೆ ಹೇಳ್ಲಿಲ್ಲ."

ತಂಗಿಯ ಕನ್ನಡಕ ಮಂಜಾಯಿತು. ಒರೆಸಿಕೊಳ್ಳಲಿಲ್ಲ. ಅಳುವ ಹಕ್ಕೂ ತನಗಿಲ್ಲ, ಅತ್ತರೆ ಈಗ ಅವನೇ ಸಮಾಧಾನ ಮಾಡಬೇಕಾಗುತ್ತದೆ ಎಂದುಕೊಂಡಳು. "ಇವತ್ತು ಬುಧವಾರ ಅಣ್ಣ," ಎಂದಳು. "ಈಗ ಹೋಗೋಣ. ಈಗಲೇ."

ಅಣ್ಣ ಬಾಯಿ ತೆರೆದ. "ಹ," ಎಂದ. ನಿಂತ. "ಹ, ಹ, ಹೊ," ಎಂದ. ಹ ಅವನಿಗೆ ಎಂದೂ ತೊಂದರೆ ಕೊಟ್ಟ ಅಕ್ಷರವಲ್ಲ. ಐವತ್ತೊಂದು ವರ್ಷ ಅವನು ನಂಬಿಕೊಂಡು ಬಂದ ಅಕ್ಷರ ಅದು, ಪ್ಲಾಸ್ಟರನ್ನು ಹಿಟ್ಟು ಮಾಡಿಕೊಟ್ಟ ಅಕ್ಷರ. ಇವತ್ತು ಅದೂ ಕೈಕೊಟ್ಟಿತು. ಹೋಗೋಣ ಎನ್ನುತ್ತಾನೆ, ಹೋಗೋಣ ಎಂದೇ, ತಂಗಿಯ ನಾಲಿಗೆಯ ತುದಿಗೆ ಆ ಪದ ಬಂದು ನಿಂತಿತು. ಹಲ್ಲು ಕಚ್ಚಿ ತಡೆದಳು.

"ಹೊತ್ತಾಯ್ತು," ಎಂದ ಅಣ್ಣ. "ಹಿಟ್ಟು ಹಾಗೇ ಬಿಟ್ಟು ಬಂದಿದೀನಿ."

ಅವನು ಎದ್ದು ಇಳಿದು ಹೋದ. ಅವಳು ಸ್ವಲ್ಪ ಹೊತ್ತು ಆ ಮೂರನೆಯ ಸಾಲನ್ನೇ ನೋಡುತ್ತಾ ಕೂತು, ಆಮೇಲೆ ತಾನೂ ಇಳಿದಳು.

ಬಟ್ಟಲಿನಲ್ಲಿ ಪ್ಲಾಸ್ಟರು ಕಲ್ಲಾಗಿತ್ತು. ಕಲಸುವ ಚಪ್ಪಟೆ ಚಮಚ ಅದರ ನಡುವೆ ನೆಟ್ಟಗೆ ನಿಂತುಬಿಟ್ಟಿತ್ತು. ಕಲಸಿದ ಹಿಟ್ಟು ಕೆಡಿಸುವವರನ್ನು ಅಣ್ಣ ಎಷ್ಟು ಬಯ್ಯುತ್ತಿದ್ದನೆಂದು ಆ ಕೋಣೆಯಲ್ಲಿ ಕಲಿತವರಿಗೆಲ್ಲ ಗೊತ್ತು. ಅವನು ರಬ್ಬರ್ ಬಟ್ಟಲನ್ನು ಹಿಂಡಿ ಹಿಂಡಿ ಗಟ್ಟಿ ಬಿಡಿಸಿ, ಚಮಚ ಕಿತ್ತು, ತೊಳೆಯುತ್ತಿದ್ದ. ತಿರುಗಿ ನೋಡಲಿಲ್ಲ.

"ನಾಳೆ ಹಾಡು ಬೇಡ," ಎಂದ.

"ಹಳೇದನ್ನ ಹಾಕ್ಕೊಡ್ತೀನಿ ಅಣ್ಣ. ಅದಿದ್ರೆ ಆಗತ್ತೆ ನಿಂಗೆ. ನನ್ನ ಮುಖ ನೋಡ್ಬೇಡ, ಹಾಡು ಇಟ್ಕೋ."

"ಬೇಡ."

"ತರಗತಿ?"

"ಹೋಗ್ತೀನಿ."

"ಮಾತು ನಿಂತ್ರೆ? ಅಷ್ಟು ಜನ ಇರ್ತಾರೆ, ಅವ್ರೇನು ಮಾಡ್ಬೇಕು?"

ಕೇಳಿದಮೇಲೆ ಅವಳಿಗೇ ಅಯ್ಯೋ ಎನ್ನಿಸಿತು. ಅಣ್ಣ ನಲ್ಲಿ ನಿಲ್ಲಿಸಿದ. ಕೈ ಒರೆಸಿಕೊಂಡು ಅವಳ ಕಡೆ ತಿರುಗಿದ, ಕಣ್ಣಲ್ಲಿ ಕಣ್ಣಿಟ್ಟ.

"ಕ," ಎಂದ. "ಕ, ಕ."

ಕಷ್ಟ ಎನ್ನುತ್ತಾನೋ, ಕಲೀತಾರೆ ಎನ್ನುತ್ತಾನೋ, ಕರ್ಕೊಂಡು ಹೋಗು ಎನ್ನುತ್ತಾನೋ. ಪದಗಳು ಸರಸರ ಬಂದು ಸಾಲಾಗಿ ನಿಂತವು. ಅವುಗಳ ಹಿಂದೆ ಇನ್ನೊಂದು ಹೇಸಿಗೆಯ ಕೆಲಸ ನಡೆಯಿತು: ಅವಳ ಕಿವಿ, ಅವಳನ್ನು ಕೇಳದೆಯೇ, ಎಣಿಸುತ್ತಿತ್ತು. ನಾಲ್ಕು. ಐದು ತಡವಾಗಿ ಬಂತು, ಅದು ಚೆನ್ನಾಗಿತ್ತು. ಚೆನ್ನಾಗಿದೆ ಎನ್ನಿಸಿದ್ದು ತಿಳಿದು ಅವಳ ಮುಖ ಕೆಂಡವಾಯಿತು. ತುಟಿ ಬಿಗಿದುಕೊಂಡು, ಅವನ ಮುಖದಿಂದ ಕಣ್ಣು ಕೀಳದೆ ನಿಂತಳು. ನಲ್ಲಿ ತೊಟ್ಟಿಕ್ಕುತ್ತಿತ್ತು. ಅಣ್ಣನ ಕತ್ತಿನ ನರ ಉಬ್ಬಿತ್ತು. ಅವನಿಗೆ ಅವಸರವಿರಲಿಲ್ಲ.

"ಕಾಯ್ಲಿ," ಎಂದ.